ಪ್ರಹಸನದ ಸರಕು, ಮಣ್ಣಿನ ಸಾಕ್ಷ್ಯ

ಕಾರ್ಥೇಜಿನ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಅದರ ಶತ್ರುಗಳ ಬಾಯಿಂದಲೇ ಕೇಳಬೇಕಾಗಿದೆ. ಕ್ರಿ. ಪೂ. 146ರಲ್ಲಿ ರೋಮನರು ಆ ನಗರವನ್ನು ನಾಶಗೊಳಿಸಿದರು. ಅದರ ಪ್ಯೂನಿಕ್ ಭಾಷೆಯ ಸಾಹಿತ್ಯವೂ ಕಾಲಕ್ರಮದಲ್ಲಿ ಲುಪ್ತವಾಯಿತು. ಶಾಸನಗಳನ್ನು ಬಿಟ್ಟರೆ, ಆ ನುಡಿಯ ಕೆಲವು ವಾಕ್ಯಗಳು ಉಳಿದಿರುವುದು ರೋಮಿನದೇ ಒಂದು ಪ್ರಹಸನದಲ್ಲಿ: ಪ್ಲಾಟಸ್ ಕವಿಯ 'ಪೊಯೆನುಲಸ್' ನಾಟಕದಲ್ಲಿ.

ಅಪಹೃತರಾದ ಹೆಣ್ಣುಮಕ್ಕಳನ್ನು ಅರಸುತ್ತ ಹನ್ನೋ ಎಂಬ ಕಾರ್ಥೇಜಿನ ವೃದ್ಧನು ಗ್ರೀಸಿನ ಕ್ಯಾಲಿಡಾನಿಗೆ ಬಂದು ತನ್ನ ನುಡಿಯಲ್ಲಿ ಮಾತನಾಡುತ್ತಾನೆ. ಆ ಭಾಷೆಯನ್ನು ಬಲ್ಲವನಂತೆ ನಟಿಸುವ ಮಿಲ್ಫಿಯೋ ಎಂಬ ಸೇವಕನು, ಈತನು ಚಮಚಗಳನ್ನೂ ಆಫ್ರಿಕದ ಇಲಿಗಳನ್ನೂ ತಂದವನೆಂದು ಮನಬಂದಂತೆ ಅರ್ಥ ಹೇಳುತ್ತಾನೆ. ಸೇವಕನ ಒಡೆಯನು ಹುಟ್ಟಿನಿಂದ ಕಾರ್ಥೇಜಿನವನೇ. ಆದರೆ ಬಾಲ್ಯದಲ್ಲೇ ನಾಡಿನಿಂದ ಅಗಲಿದ ಅವನಿಗೆ ತಾಯ್ನುಡಿ ತಿಳಿಯದು. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುವ ವಾಚಕರಿಗೆ ಈ ಸನ್ನಿವೇಶದಲ್ಲಿ ನಗೆಗಿಂತ ಕಳವಳವೇ ಹೆಚ್ಚಾದೀತು. ಕವಿಯು ಹನ್ನೋವನ್ನು ದೈವಭಕ್ತನನ್ನಾಗಿ, ವತ್ಸಲನಾದ ತಂದೆಯನ್ನಾಗಿ ಚಿತ್ರಿಸಿರುವುದು ನಿಜ. ಆದರೂ ಅವನ ಸರಕು ನಗೆಯ ವಸ್ತುವಾಗಿಯೇ ಉಳಿಯುತ್ತದೆ.

ನಿಜವಾದ ಸರಕಾದರೂ ಏನು? ಕ್ಯಾಲಿಡಾನಿಗೆ ಸಮೀಪದ ಕೊಲ್ಲಿಯ ಪೂರ್ವದ ತುದಿಯಲ್ಲಿ ಕಾರಿಂತ್ ನಗರವಿದೆ. ಅಲ್ಲಿ 1970ರ ದಶಕದ ಕೊನೆಯಲ್ಲಿ ನಡೆದ ಉತ್ಖನನದಿಂದ, ನಾಟಕಕ್ಕಿಂತ ಎರಡು ಶತಮಾನಗಳಿಗೂ ಹಿಂದಿನ, ಕ್ರಿ. ಪೂ. ಐದನೆಯ ಶತಮಾನದ ಕಟ್ಟಡವೊಂದು ಬೆಳಕಿಗೆ ಬಂದಿತು. ಅದರ ಅಂಗಳದಲ್ಲಿ ಒಡೆದ ಪ್ಯೂನಿಕ್ ಆಂಫೊರಾಗಳ ರಾಶಿ. ನಡುವೆ ಮೀನಿನ ಹುರುಪೆಗಳು, ಎಲುಬುಗಳು. ಕತ್ತಿಲ್ಲದ ನೀಳ ಒಡಲು, ಹೆಗಲಿನಲ್ಲಿ ಕಿವಿಯಂಥ ಎರಡು ಪುಟ್ಟ ಹಿಡಿಗಳು—ಇದು ಆ ಜಾಡಿಗಳ ಆಕಾರ. ಮಣ್ಣಿನ ಪರೀಕ್ಷೆ ಅವುಗಳ ಮೂಲವನ್ನು ಜಿಬ್ರಾಲ್ಟರ್ ಜಲಸಂಧಿಯ ಸುತ್ತಲ ಕರಾವಳಿಯತ್ತ ತೋರಿಸಿತು. ಉಪ್ಪು ಹಾಕಿದ ಮೀನು 2,000 ಕಿಲೋಮೀಟರಿಗೂ ಮೀರಿದ ಸಮುದ್ರಮಾರ್ಗವನ್ನು ದಾಟಿ ಬರುತ್ತಿದ್ದಿತೆಂದಾಯಿತು. ಚಮಚ, ಇಲಿಗಳ ಹಾಸ್ಯ ಇದರೆದುರು ತೀರ ಹಗುರ.

ಆದರೆ ಇಲ್ಲಿ ಆತುರ ಸಲ್ಲದು. ಜಾಡಿಯ ಜನ್ಮಸ್ಥಳವು ವರ್ತಕನ ಜನ್ಮಸ್ಥಳವಲ್ಲ. ಅದೇ ಕಟ್ಟಡದಲ್ಲಿ ಗ್ರೀಕ್ ದ್ವೀಪವಾದ ಖಿಯೊಸಿನ ದ್ರಾಕ್ಷಾಮದ್ಯದ ಆಂಫೊರಾಗಳೂ ದೊರೆತಿವೆ. ಪ್ಯೂನಿಕ್ ಸರಕನ್ನು ಕಾರಿಂತಿನವನೇ ತರಿಸಿ ಮಾರಿದ್ದಿರಬಹುದು. ಜಾಡಿಗೆ 'ಪ್ಯೂನಿಕ್' ಎಂದು ಹೆಸರಿಟ್ಟೊಡನೆ ಹಡಗಿನ ಒಡೆತನವನ್ನೂ ಕಾರ್ಥೇಜಿಗೆ ಕಟ್ಟುವುದು ಮಿಲ್ಫಿಯೋನ ಅನುವಾದಕ್ಕೆ ಸಮಾನವಾದ ತಪ್ಪು: ಎರಡೂ ಕಡೆ ನುಡಿಯದಿದ್ದ ಮಾತನ್ನು ಪರರ ಬಾಯಿಗೆ ತುರುಕಿದಂತಾಗುತ್ತದೆ.

ಮಣ್ಣಿನ ಚೂರು ಸುಳ್ಳು ಹೇಳದು, ನಿಜ. ಆದರೆ ಅದು ಹೇಳಿದಷ್ಟನ್ನೇ ಕೇಳುವ ಸಂಯಮ ಸಂಶೋಧಕನಲ್ಲಿರಬೇಕು. ಸೋತ ಜನಾಂಗಕ್ಕೆ ನಾವು ಸಲ್ಲಿಸಬಹುದಾದ ನ್ಯಾಯವೂ ಅದೇ.