ಗಲ್ಫ್ ಕಥೆಗಳಲ್ಲಿ ಕಾಣದ ಮಾಸ್ತರು

ಬೆನ್ಯಾಮಿನ್ ಅವರ ‘ಆಡುಜೀವಿತಂ’ ಕಾದಂಬರಿ 2008ರಲ್ಲಿ ಹೊರಬಂದಾಗ, ಗಲ್ಫ್ ಎಂದರೆ ಅತ್ತರು, ಚಿನ್ನ ಮತ್ತು ಕಾಂಕ್ರೀಟ್ ಮನೆ ಎಂದು ನಂಬಿಕೊಂಡಿದ್ದ ಓದುಗರಿಗೆ ಅದೊಂದು ಆಘಾತವಾಗಿತ್ತು. ಸ್ವತಃ 1992ರಿಂದ 2013ರವರೆಗೆ ಬಹರೈನ್‌ನಲ್ಲಿ ದುಡಿದ ಲೇಖಕರು ಕೇರಳದ ಹೊಳೆಯಲ್ಲಿ ಮರಳು ತೆಗೆಯುತ್ತಿದ್ದ ನಜೀಬ್ ಎಂಬವನನ್ನು ಸೌದಿಯ ಮರುಭೂಮಿಗೆ ಕರೆದೊಯ್ದು, ಆಡುಗಳ ನಡುವೆ ಆಡಾಗಿ ಬದುಕುವಂತೆ ಮಾಡಿದರು. ಕಾದಂಬರಿಯ ಶಕ್ತಿ ಇರುವುದು ಅದರ ಸಪ್ಪೆ ದನಿಯಲ್ಲಿ. ನಜೀಬ್ ಕೂಗಾಡುವುದಿಲ್ಲ, ಹೇಳುತ್ತಾ ಹೋಗುತ್ತಾನೆ. ಬ್ಲೆಸ್ಸಿ ನಿರ್ದೇಶನದಲ್ಲಿ 2024ರ ಮಾರ್ಚ್‌ನಲ್ಲಿ ಅದೇ ಕಥೆ ಸಿನಿಮಾ ಆಗಿ ಬಂತು. ಆಗ ಪತ್ರಿಕೆಗಳಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ನಟ ಪೃಥ್ವಿರಾಜ್ ಎಷ್ಟು ಕಿಲೋ ತೂಕ ಇಳಿಸಿಕೊಂಡರು ಎಂಬ ಸಂಗತಿ. ಚಿತ್ರದ ಬಗ್ಗೆ ನನಗಿರುವ ಮೊದಲ ತಕರಾರು ಇದೇ. ವಲಸಿಗನ ಸಂಕಟವನ್ನು ನಾವು ದೇಹದಿಂದ ಅಳೆಯುತ್ತೇವೆ. ಪಕ್ಕೆಲುಬು ಕಾಣಬೇಕು, ತುಟಿ ಒಡೆದಿರಬೇಕು, ಕಾಲಲ್ಲಿ ರಕ್ತ ಬರಬೇಕು. ಹಾಗಾದರೆ ಮಾತ್ರ ಅದು ಸಂಕಟ.

ಗಲ್ಫ್ ಕುರಿತ ನಮ್ಮ ಕಥನಗಳ ಸಾಲನ್ನೇ ನೋಡಿ. 2011ರ ‘ಗದ್ದಾಮ’ದಲ್ಲಿ ಮನೆಗೆಲಸದ ಹೆಣ್ಣುಮಗಳು, 2015ರ ‘ಪತ್ತೇಮಾರಿ’ಯಲ್ಲಿ ಜೀವಮಾನವಿಡೀ ದುಡಿದು ಸವೆದ ಕಾರ್ಮಿಕ, 2016ರ ‘ಏರ್‌ಲಿಫ್ಟ್’ನಲ್ಲಿ ಕುವೈತಿನ ಶ್ರೀಮಂತ ವ್ಯಾಪಾರಿ, 2017ರ ‘ಟೇಕ್ ಆಫ್’ನಲ್ಲಿ ಇರಾಕಿನ ಯುದ್ಧದಲ್ಲಿ ಸಿಕ್ಕಿಬಿದ್ದ ದಾದಿಯರು. ತೀರಾ ಬಡವ ಇದ್ದಾನೆ, ತೀರಾ ಸಿರಿವಂತ ಇದ್ದಾನೆ, ಯುದ್ಧದ ನಡುವಿನ ದಾದಿ ಇದ್ದಾಳೆ. ಬೆಳಿಗ್ಗೆ ಆರಕ್ಕೆ ಶಾಲಾ ಬಸ್ಸು ಹತ್ತಿ, ತರಗತಿಗೆ ನಲವತ್ತು ಮಕ್ಕಳಿಗೆ ಗಣಿತ ಹೇಳಿ, ಸಂಜೆ ಟ್ಯೂಶನ್ ಮಾಡಿ, ರಾತ್ರಿ ಉತ್ತರ ಪತ್ರಿಕೆ ತಿದ್ದುವ ಭಾರತೀಯ ಶಿಕ್ಷಕಿ ಮಾತ್ರ ಈ ಯಾವ ಕಥೆಯ ಕೇಂದ್ರದಲ್ಲೂ ಇಲ್ಲ. ಕೊಲ್ಲಿ ದೇಶಗಳಲ್ಲಿ ಸಿ.ಬಿ.ಎಸ್.ಇ. ಮಾನ್ಯತೆಯ ಶಾಲೆಗಳು ಇನ್ನೂರಕ್ಕೂ ಹೆಚ್ಚಿವೆ. ಜಿದ್ದಾದ ಭಾರತೀಯ ಶಾಲೆ 1969ರಿಂದ, ಮಸ್ಕತ್‌ನದು 1975ರಿಂದ ನಡೆಯುತ್ತಿದೆ. ಎರಡು ಮೂರು ತಲೆಮಾರಿನ ಮಕ್ಕಳಿಗೆ ಅಕ್ಷರ ಕಲಿಸಿದವರಿಗೆ ಒಂದು ಪಾತ್ರವೂ ದಕ್ಕದಿರುವುದು ಆಕಸ್ಮಿಕವೆಂದು ನನಗನಿಸುವುದಿಲ್ಲ. ಅವರ ಕಷ್ಟ ಮರುಭೂಮಿಯಲ್ಲಿ ಇಲ್ಲ. ಅದು ಒಪ್ಪಂದ ಪತ್ರದ ಎರಡನೇ ಪುಟದಲ್ಲಿ ಇದೆ. ಅಲ್ಲಿಗೆ ಕ್ಯಾಮೆರಾ ಹೋಗುವುದಿಲ್ಲ.

ಕರಾವಳಿಯ ಓದುಗರಿಗೆ ಗಲ್ಫ್ ಹೊಸದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆ ಅದು ಭಟ್ಕಳ, ಮಂಗಳೂರಿನಷ್ಟು ಬೇರೂರಿಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ಒಂದು ಹೊಸ ಪೀಳಿಗೆ ಎದ್ದು ನಿಂತಿದೆ. ಮಗ್ಗದ ಮನೆಗಳಿಂದ, ಬಾಗವಾನ, ಅತ್ತಾರ, ನದಾಫ ಕುಟುಂಬಗಳಿಂದ ಬಂದು ಬಿ.ಎಸ್ಸಿ., ಬಿ.ಎಡ್. ಮುಗಿಸಿದ ಹೆಣ್ಣುಮಕ್ಕಳ ಪೀಳಿಗೆ ಅದು. ಸಾಲಿಯಲ್ಲಿ ‘ಅಕ್ಕೋರು’ ಎನಿಸಿಕೊಳ್ಳುವುದು ಆ ಮನೆಗಳಿಗೆ ಸಣ್ಣ ಗೌರವವಲ್ಲ. ಆದರೆ ಗೌರವ ಬಂದಷ್ಟು ವೇಗದಲ್ಲಿ ಸಂಬಳ ಬರಲಿಲ್ಲ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ಗೌರವಧನವನ್ನು 2025-26ರ ರಾಜ್ಯ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯಲ್ಲಿ ಅದು ತಿಂಗಳಿಗೆ 12,000ದ ಆಸುಪಾಸು, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಖಾಸಗಿ ಶಾಲೆಗಳಲ್ಲಿ ಅದಕ್ಕೂ ಕಡಿಮೆ ಕೊಡುವ ಆಡಳಿತ ಮಂಡಳಿಗಳಿಗೆ ಬರವಿಲ್ಲ. ಹೀಗಿರುವಾಗ ‘ದುಬೈಯಲ್ಲಿ ಟೀಚರ್ ಕೆಲಸ ಇದೆ, ನಾಲ್ಕು ಸಾವಿರ ದಿರ್ಹಂ’ ಎಂದು ಏಜೆಂಟನೊಬ್ಬ ಹೇಳಿದರೆ, ಆ ಅಂಕಿಯನ್ನು ರೂಪಾಯಿಗೆ ಗುಣಿಸಿದ ಕ್ಷಣವೇ ಅರ್ಧ ತೀರ್ಮಾನ ಆಗಿರುತ್ತದೆ.

ಕಥೆಗಾರ ಕೂರಬೇಕಾದದ್ದು ಈ ಗುಣಾಕಾರದ ಪಕ್ಕದಲ್ಲಿ.

ಮೊದಲು ಕಾನೂನಿನ ಸಂಗತಿ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಅಧಿಕಾರಿಯ ಅನುಮತಿ ಪಡೆಯಬೇಕು. ಅವರ ಒಪ್ಪಂದವನ್ನು ಕಡೇಪಕ್ಷ ಒಬ್ಬ ಗುಮಾಸ್ತನಾದರೂ ನೋಡುತ್ತಾನೆ. ಹತ್ತನೇ ತರಗತಿ ದಾಟಿದವರಿಗೆ ಈ ಅನುಮತಿ ಬೇಡ. ಬಿ.ಎಡ್. ಆದವಳು ಸ್ವತಃ ತನ್ನನ್ನು ಕಾಪಾಡಿಕೊಳ್ಳಬಲ್ಲಳು ಎಂಬುದು ಸರ್ಕಾರದ ಊಹೆ. ಪರಿಣಾಮವಾಗಿ ಆಕೆ ಆ ಲೆಕ್ಕದ ಪುಸ್ತಕದಲ್ಲೇ ಬರುವುದಿಲ್ಲ. ಕೇರಳದಲ್ಲಿ 1998ರಿಂದ ವಲಸೆ ಸಮೀಕ್ಷೆಗಳು ನಡೆದುಬಂದಿವೆ, ಅನಿವಾಸಿಗಳಿಗಾಗಿ ‘ನೋರ್ಕಾ’ ಇಲಾಖೆ 1996ರಿಂದ ಇದೆ. ನಮ್ಮಲ್ಲಿ ಅಂಥ ಸಮೀಕ್ಷೆಯ ಪರಂಪರೆ ಬೆಳೆಯಲಿಲ್ಲ. ಕೇರಳದ ಲೇಖಕನಿಗೆ ನಜೀಬ್ ಸಿಗಲು, ಸುತ್ತಲಿನ ಸಮಾಜ ವಲಸಿಗರನ್ನು ಎಣಿಸುತ್ತಾ ಬಂದದ್ದೂ ಒಂದು ಕಾರಣ ಎಂದೇ ನಾನು ಭಾವಿಸುತ್ತೇನೆ.

ನಂತರ ಒಪ್ಪಂದ. ಯು.ಎ.ಇ.ಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ. ‘ಮೂಲವೇತನ’ ಎಂಬ ಪದವನ್ನು ಗಮನಿಸಿ. ನಾಲ್ಕು ಸಾವಿರ ದಿರ್ಹಂನಲ್ಲಿ ಎರಡು ಸಾವಿರವನ್ನು ಮಾತ್ರ ಮೂಲವೇತನವೆಂದು ಬರೆದು, ಉಳಿದದ್ದನ್ನು ಮನೆಬಾಡಿಗೆ, ಸಾರಿಗೆ ಎಂದು ತೋರಿಸಿದರೆ, ಮೂರು ವರ್ಷದ ಸೇವೆಗೆ ಸಿಗುವುದು 4,200 ದಿರ್ಹಂ. ಪೂರ್ತಿ ಮೊತ್ತ ಮೂಲವೇತನವಾಗಿದ್ದರೆ 8,400 ಆಗುತ್ತಿತ್ತು. ಮೋಸ ಎನ್ನುವಂತಿಲ್ಲ, ಸಹಿ ಹಾಕಿದವರು ನಾವೇ. ಸೌದಿಯಲ್ಲಿ ಎರಡು ವರ್ಷದೊಳಗೆ ತಾವಾಗಿ ರಾಜೀನಾಮೆ ಕೊಟ್ಟವರಿಗೆ ಈ ಹಣವೇ ಇಲ್ಲ; ಎರಡರಿಂದ ಐದು ವರ್ಷದವರೆಗೆ ಮೂರನೇ ಒಂದು ಭಾಗ ಮಾತ್ರ.

ಅದೇ ನಗರದಲ್ಲಿ ಬ್ರಿಟಿಷ್ ಪಠ್ಯಕ್ರಮದ ಶಾಲೆಗೆ ಲಂಡನ್ನಿನಿಂದ ಬಂದ ಶಿಕ್ಷಕಿಗೆ ಮನೆ, ವರ್ಷಕ್ಕೊಮ್ಮೆ ವಿಮಾನ ಟಿಕೆಟು, ಮಕ್ಕಳಿಗೆ ಶುಲ್ಕ ವಿನಾಯಿತಿ ಸೇರಿರುವುದು ಸಾಮಾನ್ಯ. ಭಾರತೀಯ ಶಾಲೆಗಳು ತಮ್ಮ ಸಮರ್ಥನೆಗೆ ಹೇಳುವುದಿಷ್ಟು: ನಮ್ಮ ಶುಲ್ಕ ಕಡಿಮೆ, ಭಾರತೀಯ ಪಾಲಕರಿಗೆ ಅದಕ್ಕಿಂತ ಹೆಚ್ಚು ಕಟ್ಟಲಾಗದು. ಇದರಲ್ಲಿ ಸತ್ಯಾಂಶವಿದೆ. ಅಂದರೆ ಗಲ್ಫಿನ ಗುಮಾಸ್ತ, ಅಕೌಂಟೆಂಟರ ಮಕ್ಕಳಿಗೆ ಅಗ್ಗದ ಶಿಕ್ಷಣ ಸಿಗುತ್ತಿರುವುದು ಶಿಕ್ಷಕಿಯ ಜೇಬಿನಿಂದ. ಇನ್ನೊಂದು ಒಳದಾರಿಯೂ ಇದೆ. ಗಂಡನ ಪ್ರಾಯೋಜಕತ್ವದ ವೀಸಾದಲ್ಲಿರುವ ಹೆಂಡತಿಯನ್ನು ನೇಮಿಸಿಕೊಂಡರೆ ಶಾಲೆಗೆ ಮನೆ, ವೀಸಾ, ಟಿಕೆಟಿನ ಖರ್ಚು ಉಳಿಯುತ್ತದೆ. ಸೌದಿಯಲ್ಲಿ ಇದಕ್ಕೆ ‘ಅಜೀರ್’ ಎಂಬ ಪರವಾನಗಿ ವ್ಯವಸ್ಥೆಯೇ ಇದೆ. ಹೇಗೂ ಮನೆಯಲ್ಲೇ ಇದ್ದೀರಲ್ಲ ಎಂಬ ದನಿಯಲ್ಲಿ ಸಂಬಳ ನಿಗದಿಯಾಗುತ್ತದೆ. ಗಂಡ ಡ್ರೈವರನೋ ಕೂಲಿಯವನೋ ಆಗಿದ್ದು ಕುಟುಂಬ ವೀಸಾಕ್ಕೆ ಬೇಕಾದ ಸಂಬಳ ಇಲ್ಲದಿದ್ದರೆ ಆಕೆಗೆ ಆ ದಾರಿಯೂ ಮುಚ್ಚಿದಂತೆಯೇ.

2017ರ ಜುಲೈಯಲ್ಲಿ ಸೌದಿ ಸರ್ಕಾರ ವಿದೇಶಿ ನೌಕರರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹೇರಿತು. ಪ್ರತಿ ವರ್ಷ ನೂರು ಏರುತ್ತಾ 2020ಕ್ಕೆ ಅದು 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿರುವ ಮನೆಗೆ ಮೊದಲ ವರ್ಷ 3,600 ರಿಯಾಲ್, ನಾಲ್ಕನೇ ವರ್ಷಕ್ಕೆ 14,400. ಅಂದಿನ ದರದಲ್ಲಿ ಇದು ಸುಮಾರು 2 ಲಕ್ಷ 88 ಸಾವಿರ ರೂಪಾಯಿ, ಇಕಾಮಾ ನವೀಕರಿಸುವಾಗ ಮುಂಗಡವಾಗಿ ಕಟ್ಟಬೇಕು. ಕುಟುಂಬಗಳು ಗಂಟುಮೂಟೆ ಕಟ್ಟಿ ಊರಿಗೆ ಮರಳಿದವು. ಮಕ್ಕಳು ಹೋದ ಮೇಲೆ ಭಾರತೀಯ ಶಾಲೆಗಳ ತರಗತಿಗಳು ತೆರವಾದವು, ಶಿಕ್ಷಕಿಯರ ಕೆಲಸಕ್ಕೂ ಕುತ್ತು ಬಂತು. ಎಷ್ಟೋ ಮನೆಗಳಲ್ಲಿ ತೆರಿಗೆ ಕಟ್ಟಬೇಕಾದ ಅವಲಂಬಿತೆ ಮತ್ತು ಕೆಲಸ ಕಳೆದುಕೊಂಡ ಶಿಕ್ಷಕಿ ಒಬ್ಬಳೇ ಆಗಿದ್ದಳು. ಇದಕ್ಕಿಂತ ದೊಡ್ಡ ನಾಟಕೀಯ ಸನ್ನಿವೇಶ ಯಾವ ಕಥೆಗಾರನಿಗೆ ಬೇಕು?

ಗಲ್ಫಿಗಿಂತ ಮೊದಲಿನ ಕಥೆಯೂ ಇದೆ. ಚಕ್ರವರ್ತಿ ಹೈಲೆ ಸೆಲಾಸಿಯ ಇಥಿಯೋಪಿಯಾ ಭಾರತೀಯ ಶಿಕ್ಷಕರನ್ನು ದೊಡ್ಡ ಸಂಖ್ಯೆಯಲ್ಲಿ ಕರೆಸಿಕೊಂಡಿತ್ತು. ಎಪ್ಪತ್ತರ ದಶಕದ ತೈಲದ ಹಣ ನೈಜೀರಿಯಾದ ಶಾಲೆಗಳಿಗೆ ನಮ್ಮವರನ್ನು ಒಯ್ದಿತು. 1980ರಲ್ಲಿ ಒಂದು ನೈರಾಕ್ಕೆ ಒಂದೂವರೆ ಡಾಲರಿಗೂ ಹೆಚ್ಚು ಸಿಗುತ್ತಿತ್ತು. 1986ರ ಅಪಮೌಲ್ಯದ ನಂತರ ಒಂದು ಡಾಲರಿಗೆ ನಾಲ್ಕು ನೈರಾ ತೆರಬೇಕಾಯಿತು. ಸಂಬಳದ ಅಂಕಿ ಬದಲಾಗದೆಯೂ ಮೇಷ್ಟ್ರು ಬಡವರಾದರು. ಮಾಲ್ದೀವ್ಸ್‌ನ ದ್ವೀಪಗಳಲ್ಲಿ ಇಂದಿಗೂ ಭಾರತೀಯ ಶಿಕ್ಷಕರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಸಂಬಳ ಬರುವುದು ರುಫಿಯಾದಲ್ಲಿ, ಊರಿಗೆ ಕಳಿಸಬೇಕಾದದ್ದು ಡಾಲರಿನಲ್ಲಿ. ಡಾಲರಿನ ಕೊರತೆಯಿಂದಾಗಿ 2025ರಲ್ಲಿ ಅಲ್ಲಿನ ಬ್ಯಾಂಕುಗಳು ತಿಂಗಳಿಗೆ ಕಳಿಸಬಹುದಾದ ಹಣದ ಮಿತಿಯನ್ನು ಬಹಳ ಇಳಿಸಿದಾಗ, ಖಾತೆಯಲ್ಲಿ ಹಣವಿದ್ದೂ ಮನೆಯ ಸಾಲದ ಕಂತು ಕಟ್ಟಲಾಗದ ವಿಚಿತ್ರ ಸ್ಥಿತಿ ಉಂಟಾಯಿತು.

ನಮ್ಮ ಸೀಮೆಗೆ ಪರನಾಡಿನ ಶಿಕ್ಷಕನೆಂಬ ಕಲ್ಪನೆ ಹೊಸತೇನಲ್ಲ. 1948ರ ವಿಲೀನಕ್ಕೆ ಮುಂಚೆ ಬನಹಟ್ಟಿ ಜಮಖಂಡಿಯ ಪಟವರ್ಧನರದು, ಅಂಟಿಕೊಂಡಿರುವ ರಬಕವಿ ಸಾಂಗಲಿಯದು, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಪಕ್ಕದೂರಿಗೆ ಪಾಠ ಹೇಳಲು ಹೋದ ಮಾಸ್ತರನೂ ಬೇರೊಬ್ಬ ರಾಜನ ಚಾಕರಿಗೆ ಸೇರಿದಂತಾಗುತ್ತಿತ್ತು. ಜಮಖಂಡಿಯಲ್ಲಿ ಹುಟ್ಟಿದ ತತ್ವಜ್ಞಾನಿ ಆರ್.ಡಿ. ರಾನಡೆ ಪಾಠ ಹೇಳಲು ಅಲಹಾಬಾದಿನವರೆಗೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಇನ್ನೂ ಹಿಂದೆ ಹೋದರೆ ಬೀದರ್ ಇದೆ. ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾಕ್ಕೆ ದೂರದ ದೇಶಗಳ ವಿದ್ವಾಂಸರನ್ನು ಆಹ್ವಾನಿಸಿದ. ಕವಿ ಜಾಮಿಗೂ ಕರೆ ಹೋಗಿತ್ತು, ಅವರು ಬರಲಿಲ್ಲ. ಆ ಕಟ್ಟಡದ ನಕ್ಷೆಯಲ್ಲೇ ಶಿಕ್ಷಕರ ವಸತಿ ಇದೆ. ಪ್ರವಾಸಿಗರು ನೀಲಿ ಹೆಂಚು, ಉಳಿದೊಂದು ಮಿನಾರು ನೋಡಿ ಬರುತ್ತಾರೆ. ಹೊರನಾಡಿನ ಗುರುವಿಗೆ ಮೊದಲು ಕೋಣೆ ಕೊಡಬೇಕೆಂದು ಐದೂವರೆ ಶತಮಾನದ ಹಿಂದೆ ಒಬ್ಬ ವಜೀರನಿಗೆ ಹೊಳೆದಿತ್ತು ಎಂಬುದನ್ನು ಯಾರೂ ಗಮನಿಸುವುದಿಲ್ಲ.

ಬದ್ರ್ ಯುದ್ಧದ ಕೈದಿಗಳ ಪ್ರಸಂಗ ಓದುಗರಿಗೆ ಗೊತ್ತಿದೆ. ಅಕ್ಷರ ಬಲ್ಲ ಕೈದಿ ಮದೀನಾದ ಹತ್ತು ಮಕ್ಕಳಿಗೆ ಓದುಬರಹ ಕಲಿಸಿದರೆ ಅದೇ ಅವನ ಬಿಡುಗಡೆಯ ಬೆಲೆಯೆಂದು ಪ್ರವಾದಿ(ಸ)ರು ಒಪ್ಪಿಕೊಂಡರು. ಶತ್ರುವಿನ ಪಾಠಕ್ಕೂ ಬೆಲೆ ಕಟ್ಟಿದ ಸಮುದಾಯ ನಮ್ಮದು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಬೋಧನೆಯನ್ನು ಜುಮಾ ಭಾಷಣದಲ್ಲಿ ಎಷ್ಟು ಸಲ ಕೇಳಿಲ್ಲ? ಹೀಗಿದ್ದೂ ನಮ್ಮವರೇ ನಡೆಸುವ ಹಲವು ಶಾಲೆಗಳಲ್ಲಿ ಸಂಬಳ ಕೇಳಿದ ಶಿಕ್ಷಕಿಗೆ ‘ಖಿದ್ಮತ್’ ಮತ್ತು ‘ಸವಾಬ್’ ನೆನಪಿಸಲಾಗುತ್ತದೆ. ಕಟ್ಟಡಕ್ಕೆ ಗ್ರಾನೈಟ್ ಹಾಕಿಸುವಾಗ ಗುತ್ತಿಗೆದಾರನಿಗೆ ಸವಾಬ್ ನೆನಪಿಸುವುದಿಲ್ಲ.

ವಿಚಿತ್ರವೆಂದರೆ ಈ ಸೀಮೆಯ ಜನ ದರ ಕೇಳಲು ನಾಚುವವರಲ್ಲ. ಬನಹಟ್ಟಿಯ ನೇಕಾರನಿಗೆ ಸೀರೆಗೆ ಇಂತಿಷ್ಟು ಎಂಬ ಕೂಲಿಯ ಲೆಕ್ಕ ಬಾಯಿಪಾಠ. ಮುಧೋಳದ ಕಬ್ಬು ಬೆಳೆಗಾರರು 2025ರ ನವೆಂಬರಿನಲ್ಲಿ ಟನ್ನಿನ ದರಕ್ಕಾಗಿ ಬೀದಿಗಿಳಿದರು. ಬೀಳಗಿಯ ಹಿನ್ನೀರಿನ ಹಳ್ಳಿಗಳಲ್ಲಿ ಆಲಮಟ್ಟಿಯ 519.60 ಮೀಟರ್ ಯಾವುದು, 524.256 ಯಾವುದು ಎಂದು ವಯಸ್ಸಾದವರೂ ಹೇಳಬಲ್ಲರು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಸಂಪುಟ 2025ರಲ್ಲಿ ನಿರ್ಧರಿಸುವ ಮೊದಲು ಅವರು ಎಷ್ಟು ವರ್ಷ ಆ ದರಕ್ಕಾಗಿ ಗುದ್ದಾಡಿಲ್ಲ! ಪಾಠದ ದರ ಕೇಳುವಾಗ ಮಾತ್ರ ಅದೇ ಮನೆಗಳ ನಾಲಿಗೆ ತಡವರಿಸುತ್ತದೆ. ಗುರು ಹಣ ಎಣಿಸಬಾರದೆಂಬ ಹಳೆಯ ಸಂಕೋಚ ಊರಿನ ಆಡಳಿತ ಮಂಡಳಿಗೂ ಅನುಕೂಲ, ದುಬೈಯ ಆಡಳಿತ ಮಂಡಳಿಗೂ ಅನುಕೂಲ.

ಕನ್ನಡ ಮಾಧ್ಯಮದಲ್ಲಿ ಕಲಿತು ಕನ್ನಡವನ್ನೇ ಕಲಿಸುವವರಿಗಂತೂ ಹೊರದೇಶದಲ್ಲಿ ಹುದ್ದೆಯೇ ಅಪರೂಪ. ದುಬೈಯಲ್ಲಿ ಕನ್ನಡ ಮಿತ್ರರು 2014ರಲ್ಲಿ ಆರಂಭಿಸಿದ ಕನ್ನಡ ಪಾಠಶಾಲೆ ರಜೆಯ ದಿನಗಳಲ್ಲಿ ಮಕ್ಕಳಿಗೆ ಉಚಿತವಾಗಿ ಅಕ್ಷರ ಕಲಿಸುತ್ತದೆ, ಕಲಿಸುವವರೂ ಸಂಬಳವಿಲ್ಲದೆ ಕಲಿಸುತ್ತಾರೆ. ಮೆಚ್ಚಬೇಕಾದ ಕೆಲಸ. ಆದರೆ ರಾಜ್ಯೋತ್ಸವದ ವೇದಿಕೆಗಳಲ್ಲಿ ಅದನ್ನು ಹೊಗಳುವ ನಾಯಕರು, ಹೊರನಾಡಿನಲ್ಲಿ ಕನ್ನಡ ಕಲಿಸುವವರಿಗೆ ಸರ್ಕಾರವೇ ಯಾಕೆ ವೇತನ ಕೊಡಬಾರದು ಎಂದು ಕೇಳಿದರೆ ಮಾತು ಬದಲಿಸುತ್ತಾರೆ.

ಬೆನ್ಯಾಮಿನ್‌ರನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಅವರು ತಮಗೆ ಸಿಕ್ಕ ಮನುಷ್ಯನ ಕಥೆ ಬರೆದರು. ದೂರಬೇಕಾದದ್ದು, ಅದೊಂದೇ ಗಲ್ಫ್ ಎಂದು ತಿಳಿದು ಅದೇ ಅಚ್ಚಿನಲ್ಲಿ ಮರಳಿ ಮರಳಿ ಕಥೆ ಹೊಯ್ಯುವವರನ್ನು. ಶಿಕ್ಷಕಿಯ ಕಥೆಗೆ ಬೇರೆ ಸಾಮಗ್ರಿ ಬೇಕು: ಅಟೆಸ್ಟೇಶನ್‌ಗಾಗಿ ಬೆಂಗಳೂರಿಗೂ ದಿಲ್ಲಿಗೂ ಅಲೆದ ಪದವಿ ಪತ್ರ, ಒಂದೇ ಕೋಣೆಯಲ್ಲಿ ನಾಲ್ವರು ಶಿಕ್ಷಕಿಯರ ಮಂಚ, ಬೇಸಿಗೆ ರಜೆಯ ಸಂಬಳ ಬರುತ್ತದೋ ಇಲ್ಲವೋ ಎಂಬ ಜೂನ್ ತಿಂಗಳು, ಊರಿನ ಮದುವೆಗೆ ಬಂದಾಗ ಎಲ್ಲರಿಗೂ ಕೊಡಲೇಬೇಕಾದ ಉಡುಗೊರೆ. ನಜೀಬ್ ಓಡಿ ಬರುತ್ತಾನೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಶಿಕ್ಷಕಿ ಓಡಿ ಬರುವುದಿಲ್ಲ. ಒಪ್ಪಂದ ಮುಗಿಸಿ, ಸಾಮಾನು ತೂಗಿಸಿ, ವಿಮಾನ ಹತ್ತಿ ಬರುತ್ತಾಳೆ. ಆ ಹೊತ್ತಿಗೆ ಸರ್ಕಾರಿ ನೇಮಕಾತಿಯ ವಯೋಮಿತಿ ದಾಟಿರುತ್ತದೆ. ಹೊರದೇಶದ ಎಂಟು ಹತ್ತು ವರ್ಷಗಳ ಅನುಭವ ಪತ್ರವನ್ನು ಜಮಖಂಡಿಯ ಯಾವುದೋ ಖಾಸಗಿ ಶಾಲೆಯ ಮೇಜಿನ ಮೇಲಿಟ್ಟಾಗ, ಹೊಸಬರಿಗೆ ಕೊಡುವ ಸಂಬಳವನ್ನೇ ಆಕೆಗೂ ಹೇಳುತ್ತಾರೆ.