ಸೌಟು ಯಾರ ಕೈಯಲ್ಲಿ?

ನಮ್ಮ ಹಾನಗಲ್ಲಿನ ಮನೆಯಲ್ಲಿ ಬಿಸಿ ರೊಟ್ಟಿ ಎಲ್ಲರಿಗೂ ಸಿಗುತ್ತದೆ, ಬಡಿದವಳೊಬ್ಬಳನ್ನು ಬಿಟ್ಟು. ಇದನ್ನು ದೂರೆಂದು ಹೇಳುತ್ತಿಲ್ಲ. ರೊಟ್ಟಿಯ ಜಾಯಮಾನವೇ ಹಾಗೆ. ಹಂಚಿನಿಂದ ಎದ್ದ ಗಳಿಗೆಗೇ ಅದು ತಾಟಿಗೆ ಬೀಳಬೇಕು. ತಾಟಿನ ಮುಂದೆ ಒಬ್ಬರು, ಹಂಚಿನ ಮುಂದೆ ಒಬ್ಬರು. ಇಬ್ಬರೂ ಒಬ್ಬರೇ ಆಗಲು ಬರುವುದಿಲ್ಲ. ಹಿರೇಕೆರೂರಿನ ತವರಿನಲ್ಲಿ ಅವ್ವ ಕಡೆಯ ರೊಟ್ಟಿಯನ್ನು ಒಲೆಯ ಮುಂದೆಯೇ ಮುರಿದು, ಚಟ್ನಿ ಒತ್ತಿಕೊಂಡು ತಿಂದು ಏಳುತ್ತಿದ್ದಳು. ಅದಕ್ಕೆ ಊಟವೆಂಬ ಹೆಸರೂ ಇರಲಿಲ್ಲ. ಖಡಕ್ ರೊಟ್ಟಿಯನ್ನು ಕಂಡುಹಿಡಿದವಳು ಎಲ್ಲರ ಜೊತೆ ಕೂತು ಉಣ್ಣಬೇಕೆಂದು ಆಸೆಪಟ್ಟ ಯಾವಳೋ ಇರಬೇಕು ಎಂಬ ಗುಮಾನಿ ನನಗೆ ಬಹಳ ದಿನದಿಂದ ಇದೆ.

ಇಂಥ ನನ್ನನ್ನು ಬೆಂಗಳೂರಿನಲ್ಲಿ ನೌಕರಿಗಿರುವ ಮಗಳು ಒಂದು ಕೊರಿಯನ್ ಹೋಟೆಲಿಗೆ ಕರೆದೊಯ್ದಳು. ಕೊರಿಯಾದ ಧಾರಾವಾಹಿ ನೋಡಿ ನೋಡಿ ಅವಳಿಗೆ ಆ ಊಟದ ಹುಚ್ಚು.

"ಟೇಬಲ್ ಮ್ಯಾಲೇ ಒಲಿ ಇರ್ತದವ್ವಾ. ನಾವ ಕುದಿಸ್ಕೊಂಡು ತಿನ್ನೂದು."

"ನಾವ ಕುದಿಸ್ಕೊಳ್ಳೂದಾದ್ರ ರೊಕ್ಕ ಯಾಕ ಕೊಡೂದು?" ಎಂದರು ನಮ್ಮವರು.

ಬಾಡಿಗೆ ಮನೆಯ ಪಡಸಾಲೆಯಷ್ಟು ಜಾಗ, ಏಳೆಂಟು ಮೇಜು. ಅಗಲವಾದ, ಆಳವಿಲ್ಲದ ಒಂದು ಬೋಗುಣಿಯನ್ನು ಗ್ಯಾಸಿನ ಪುಟ್ಟ ಒಲೆಯ ಮೇಲೆ ತಂದಿಟ್ಟರು. ಇದಕ್ಕೆ ಜಂಗೋಲ್ ಎನ್ನುತ್ತಾರಂತೆ. ಅಣಬೆ, ಎಲೆಕೋಸು, ಉಳ್ಳಾಗಡ್ಡಿ ತಪ್ಪಲು, ಸೋಯಾ ಹಾಲಿನ ಗಿಣ್ಣದಂಥ ತೋಫುವನ್ನು ರಂಗೋಲಿ ಹಾಕಿದ ಹಾಗೆ ಜೋಡಿಸಿದ್ದರು. ನಡುವೆ ಒಂದು ಚಮಚ ಕೆಂಪು ಖಾರ. ಕುದಿ ಬಂದಂತೆ ರಂಗೋಲಿ ಕದಡಿ, ಇಡೀ ಬೋಗುಣಿ ಕೆಂಪಾಗುತ್ತದೆ. ನೋಡುವುದಕ್ಕೇ ಅರ್ಧ ಹೊಟ್ಟೆ ತುಂಬಿತು.

ಆ ಕೆಂಪನ್ನು ಕಂಡು ನಾನು ಬೆದರಿದ್ದೆ. ಬಾಯಿಗಿಟ್ಟರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ನಂಟ! ಬಣ್ಣ ಹೆಚ್ಚು, ಉರಿ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿ ನನ್ನ ತವರಿನ ಪಕ್ಕದ ತಾಲ್ಲೂಕಿನದು. ಅದರ ಬಣ್ಣ ತುಟಿರಂಗಿನವರೆಗೂ ಹೋಗುತ್ತದೆ. ಕೊರಿಯಾದವರು ಮೆಣಸಿನ ಪುಡಿಗೆ ಸೋಯಾಕಾಳು, ಅಂಟಕ್ಕಿ, ಉಪ್ಪು ಸೇರಿಸಿ ತಿಂಗಳುಗಟ್ಟಲೆ ಹುಳಿ ಬರಿಸಿ, ಗೊಚುಜಾಂಗ್ ಎಂಬ ಮುದ್ದೆ ಮಾಡುತ್ತಾರೆ. ನಮ್ಮ ಕೆಂಪು ಚಟ್ನಿಗೆ ಬೆಲ್ಲ ತಾಗಿಸಿದ ರುಚಿ. ಅವರಿಗೂ ನಮಗೂ ಮೆಣಸಿನಕಾಯಿ ಅಮೆರಿಕ ಖಂಡಗಳ ಕಡೆಯಿಂದಲೇ ಬಂದದ್ದು, ಎರಡೂ ಊರಿನ ಮುದುಕಿಯರು ತಮ್ಮದೇ ಅನ್ನುವುದು.

ತಕರಾರುಗಳನ್ನೂ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಸಸ್ಯಾಹಾರ ಎಂದು ಬರೆದಿದ್ದರೂ ಮಗಳು ಮೂರು ಸಲ ಕೇಳಿದ ಮೇಲೆಯೇ ಖಾತ್ರಿಯಾಯಿತು. ಕೊರಿಯಾದ ಬಹಳಷ್ಟು ಸಾರುಗಳ ಬುನಾದಿ ಒಣಗಿದ ಸಣ್ಣ ಮೀನು ಮತ್ತು ಕಡಲ ಪಾಚಿಯ ನೀರು. ಬದಿಗಿಟ್ಟ ಕಿಮ್ಚಿ ಎಂಬ ಎಲೆಕೋಸಿನ ಉಪ್ಪಿನಕಾಯಿಯಲ್ಲೂ ಸಾಮಾನ್ಯವಾಗಿ ಮೀನಿನ ರಸವೋ ಸಿಗಡಿಯೋ ಇರುತ್ತದೆ. ಕೇಳದೆ ಬಾಯಿಗಿಡುವವರು ಇದನ್ನು ತಿಳಿದಿರಬೇಕು. ಇಬ್ಬರಿಗೆ ಎಂದು ಬರೆದ ಬೋಗುಣಿ ನಮ್ಮ ಕಡೆಯ ಒಬ್ಬರ ಹಸಿವಿಗೆ ಸರಿ. ದರ ಓದಿ ನಮ್ಮವರು ಚಷ್ಮಾ ತೆಗೆದು ಒರೆಸಿಕೊಂಡರು. ಆಮೇಲೆ ಚೀಲದಿಂದ ಸವಣೂರು ಖಾರದ ಪೊಟ್ಟಣ ತೆಗೆದು ಬಟ್ಟಲಿಗೆ ಉದುರಿಸಿಕೊಂಡರು. ಮಗಳು ಮುಖ ಮುಚ್ಚಿಕೊಂಡಳು. ನಾನೂ ಸ್ವಲ್ಪ ಉದುರಿಸಿಕೊಂಡೆ, ಬಹಳ ಚೆನ್ನಾಗಿತ್ತು.

ಇನ್ನು ಎಂಜಲಿನ ಮಾತು. ಒಂದೇ ಬೋಗುಣಿಗೆ ಎಲ್ಲರ ಚಮಚ ಅದ್ದುವ ರೂಢಿ ಕೊರಿಯಾದ ಮನೆಗಳಲ್ಲಿ ಉಂಟು. ನಾವಿದ್ದಲ್ಲಿ ಸೌಟು ಬೇರೆ, ಬಟ್ಟಲು ಬೇರೆ. ಹಾಗಾಗಿ ನನ್ನ ಹೊಟ್ಟೆ ತಣ್ಣಗಿತ್ತು.

ಆದರೆ ಆ ಸೌಟು! ಹುಡುಗಿ ಅದನ್ನು ಮೇಜಿನ ನಟ್ಟನಡುವೆ ಇಟ್ಟು ಹೋಗಿದ್ದಳು, ಯಾರ ಕಡೆಗೂ ಹಿಡಿಕೆ ತಿರುಗಿಸದೆ. ಅದು ಯಾವಾಗ ನನ್ನ ಕೈಗೆ ಬಂತೋ ತಿಳಿಯದು. ನೋಡಿದರೆ ನಮ್ಮವರು ಬಟ್ಟಲು ಚಾಚಿದ್ದಾರೆ, ಮಗ ಮೊಬೈಲಿನಿಂದ ಕಣ್ಣೆತ್ತದೆ ಚಾಚಿದ್ದಾನೆ, ನಾನು ಅಣಬೆ ಹುಡುಕಿ ಹುಡುಕಿ ಹಾಕುತ್ತಿದ್ದೇನೆ. ಎಲ್ಲರೂ ಕೂತೇ ಬೇಯಿಸಿ ಉಣ್ಣಲೆಂದು ಮಾಡಿದ ಮೇಜಿನಲ್ಲಿ ಕೂಡ! ಒಂದು ಮಾತ್ರ ನಿಜ, ನಡುವೆ ನನ್ನ ಬಟ್ಟಲಿಗೂ ಹಾಕಿಕೊಂಡೆ. ಹೊಗೆಯಾಡುವ ಸಾರನ್ನು ಊದಿ ಊದಿ ಕುಡಿದೆ. ನಾಲಿಗೆ ಸುಟ್ಟಿತು. ಊಟದಲ್ಲಿ ನಾಲಿಗೆ ಸುಟ್ಟುಕೊಂಡು ಎಷ್ಟು ವರ್ಷವಾಗಿತ್ತೋ.

ಹೀಗೆಂದು ಕೊರಿಯಾ ಹೆಂಗಸರ ಸ್ವರ್ಗವೆಂದು ತಿಳಿಯಬೇಡಿ. ಜೋಸೆನ್ ಅರಸರ ಕಾಲದ ಅನುಕೂಲಸ್ಥ ಮನೆಗಳಲ್ಲಿ ಗಂಡಸರಿಗೆ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಮಣೆಯಂಥ ಮೇಜು. ಹೆಂಗಸರ ಊಟ ಆಮೇಲೆ, ಅಡುಗೆಮನೆಯಲ್ಲಿ. ಇಂದಿಗೂ ಚುಸೊಕ್ ಹಬ್ಬದಲ್ಲಿ ಗಂಡನ ಮನೆಗೆ ಹೋಗಿ ದಿನವಿಡೀ ಬೇಯಿಸುವ ಸೊಸೆಯಂದಿರ ಬೆನ್ನುನೋವು, ತಲೆನೋವಿಗೆ ಅಲ್ಲಿ 'ಹಬ್ಬದ ಬೇನೆ' ಎಂಬ ಹೆಸರೇ ಇದೆ. ನಮ್ಮಲ್ಲಿ ಬೇನೆ ಇದೆ, ಹೆಸರಿಲ್ಲ. ಚಳಿಗಾಲಕ್ಕೆ ಮುಂಚೆ ಹೆಂಗಸರೆಲ್ಲ ಕೂಡಿ ರಾಶಿ ರಾಶಿ ಕಿಮ್ಚಿ ಹಾಕುವ ಕಿಮ್‌ಜಾಂಗ್ 2013ರಲ್ಲಿ ಯುನೆಸ್ಕೋದ ಪಟ್ಟಿ ಸೇರಿತು. ಬೇಸಗೆಯಲ್ಲಿ ಓಣಿಯ ಹೆಂಗಸರು ಕೂಡಿ ಶ್ಯಾವಿಗೆ ಹೊಸೆಯುತ್ತಿದ್ದುದನ್ನು ಕಂಡವರಿಗೆ ಅದರ ಸುಖ, ಸೊಂಟನೋವು ಎರಡೂ ಗೊತ್ತು. ಇನ್ನೊಂದು ಬೋಗುಣಿಯ ಕಥೆ ಬಡತನದ್ದು. 1953ರಲ್ಲಿ ಯುದ್ಧ ನಿಂತ ಮೇಲೆ ಅಮೆರಿಕದ ಸೈನ್ಯದ ಠಾಣ್ಯಗಳಿಂದ ಬಂದ ಡಬ್ಬಿ ಮಾಂಸವನ್ನು ಕಿಮ್ಚಿಯ ಜೊತೆ ಕುದಿಸಿ ಹೊಟ್ಟೆ ಹೊರೆದರು. ಅದಕ್ಕೆ 'ಸೈನ್ಯದ ಸಾರು' ಎಂದೇ ಹೆಸರು. ಈಗ ಅದನ್ನು ಮೋಜಿಗೆ ತಿನ್ನುತ್ತಾರೆ.

ಊರಿಗೆ ಬಂದ ವಾರಕ್ಕೇ ಹುಬ್ಬಳ್ಳಿಯಿಂದ ಮರಳುವಾಗ ಶಿಗ್ಗಾವಿಯ ಒಂದು ಖಾನಾವಳಿಯಲ್ಲಿ ಉಂಡೆವು. ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ರುಚಿಯ ಮಾತಿಗೆ ಬಂದರೆ ನನ್ನ ಓಟು ಇದಕ್ಕೇ. ಆದರೆ ಒಳಗಿನಿಂದ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಹಿಂದೆಂದೂ ಅದು ನನ್ನ ಊಟಕ್ಕೆ ಅಡ್ಡ ಬಂದಿರಲಿಲ್ಲ. ಕೈ ತೊಳೆಯಲು ಹೋದವಳು ಇಣುಕಿದೆ. ಇಬ್ಬರು ಹೆಂಗಸರು, ಒಬ್ಬಳು ನನ್ನ ವಯಸ್ಸಿನವಳು.

"ಊಟ ಆತೇನವಾ?" ಎಂದೆ.

"ಗಿರಾಕಿ ಮುಗೀಲಿ ತಾಯಿ," ಎಂದಳು. ಮೂರು ಗಂಟೆಯಾಗಿತ್ತು.

ಅದೇ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಅಕ್ಕಿ-ರಾಗಿಯ ಜಗಳವನ್ನು ರಾಮನ ಮುಂದಕ್ಕೆ ಒಯ್ದು ತೀರ್ಮಾನ ಮಾಡಿಸಿದರು. ಬೀಸಿ ಬೇಯಿಸಿದವಳ ಅಹವಾಲನ್ನು ಯಾರೂ ಒಯ್ದಂತಿಲ್ಲ. ಬೆಂಗಳೂರಿನ ಆ ಹುಡುಗಿಯನ್ನೂ ನೆನೆದೆ. ನಮ್ಮ ಉರಿ ಸಣ್ಣದು ಮಾಡಲು ನಾಲ್ಕು ಸಲ ಬಂದಿದ್ದಳು. ಅವಳು ಯಾವಾಗ ಉಂಡಳೋ ಕೇಳಿರಲಿಲ್ಲ.

ಹೋದ ರವಿವಾರ ನಮ್ಮ ಮೇಜಿನ ಮೇಲೆ ಕರೆಂಟಿನ ಒಲೆ ಇಟ್ಟೆ. ಬ್ಯಾಡಗಿ ಖಾರದ ಸಾರು, ಅಣಬೆ, ಮೆಂತ್ಯೆ ಸೊಪ್ಪು, ಕೊನೆಗೆ ಶ್ಯಾವಿಗೆ. ಅತ್ತೆಯವರು, "ಒಲಿ ಹೊರಗ ಬಂತಂದ್ರ ಒಳಗ ಯಾರು ಹೋಗ್ತಾರ?" ಎನ್ನುತ್ತ ಕುರ್ಚಿ ಎಳೆದುಕೊಂಡು ಮೊದಲು ಕೂತರು. ಸೌಟನ್ನು ನಮ್ಮವರ ಕೈಗೆ ಕೊಟ್ಟು ನಾನು ಎರಡೂ ಕೈ ಮಡಿಲಲ್ಲಿಟ್ಟುಕೊಂಡೆ. ಅವರು ಮೊದಲು ತಮಗೇ ಹಾಕಿಕೊಂಡರು. ಅತ್ತೆ ದುರುಗುಟ್ಟಿ ನೋಡಿದ ಮೇಲೆ ಗಾಬರಿಯಾಗಿ ನನ್ನ ಬಟ್ಟಲಿಗೆ ಹಾಕಲು ಹೋಗಿ, ಅರ್ಧ ಮೇಜುಬಟ್ಟೆಗೆ ಚೆಲ್ಲಿದರು. ಕೆಂಪು ಕಲೆ ಎರಡು ಸಲ ಒಗೆದರೂ ಹೋಗಿಲ್ಲ. ಈ ರವಿವಾರಕ್ಕೆ ಇನ್ನಷ್ಟು ಶ್ಯಾವಿಗೆ ತರಬೇಕು.