ತುರ್ತು ಚಿಕಿತ್ಸೆಯೂ ರೋಗಿಯ ಸಮ್ಮತಿಯೂ: ೨೦೦೬ರ ಎಚ್.ಐ.ವಿ. ಶಿಫಾರಸುಗಳ ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನದ ರೋಗನಿಯಂತ್ರಣ ಕೇಂದ್ರವು ೨೦೦೬ನೆಯ ಇಸವಿ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಎಚ್.ಐ.ವಿ. ಪರೀಕ್ಷೆಯ ಶಿಫಾರಸುಗಳನ್ನು ಐತಿಹಾಸಿಕ ದಾಖಲೆಯಾಗಿ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ. ತುರ್ತು ಚಿಕಿತ್ಸಾ ವಿಭಾಗವೂ ಸೇರಿದಂತೆ ಎಲ್ಲ ಚಿಕಿತ್ಸಾಲಯಗಳಲ್ಲಿ ೧೩ರಿಂದ ೬೪ ವರ್ಷ ವಯಸ್ಸಿನ ರೋಗಿಗಳಿಗೆ ಈ ಪರೀಕ್ಷೆಯನ್ನು ವಾಡಿಕೆಯಾಗಿ ನಡೆಸಬೇಕು, ಮುಂಚಿತವಾಗಿ ತಿಳಿಸಬೇಕು, ರೋಗಿ ಬೇಡವೆಂದರೆ ಬಿಡಬೇಕು, ಪ್ರತ್ಯೇಕ ಲಿಖಿತ ಸಮ್ಮತಿ ಅನಾವಶ್ಯಕ. ಇದು ಅವುಗಳ ಸಾರ.

ಪ್ರತ್ಯೇಕ ಸಮ್ಮತಿಯ ನಿಯಮ ಹುಟ್ಟಿದ್ದಾದರೂ ಏಕೆ? ೧೯೮೫ರಲ್ಲಿ ರಕ್ತಪರೀಕ್ಷೆ ಬಳಕೆಗೆ ಬಂದಾಗ ರೋಗಕ್ಕೆ ಔಷಧವಿರಲಿಲ್ಲ. ಫಲಿತಾಂಶದಿಂದ ರೋಗಿಗೆ ಒದಗುತ್ತಿದ್ದುದು ಕಳಂಕ. ಉದ್ಯೋಗ, ಮನೆ, ಆಪ್ತರನ್ನು ಕಳೆದುಕೊಳ್ಳುವ ಭಯ. ಆಗ ಸಹಿಯು ಅವನ ರಕ್ಷಣೆಗಿತ್ತು. ೧೯೯೬ರ ವೇಳೆಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದಿತು. ಪರೀಕ್ಷೆಯ ಅರ್ಥ ಬದಲಾದರೂ ನಿಯಮ ಬಹುಕಾಲ ಹಾಗೆಯೇ ಉಳಿಯಿತು. ಬೇರೆ ಬೇನೆಗಳಿಗಾಗಿ ಆಸ್ಪತ್ರೆಗೆ ಹಲವು ಬಾರಿ ಬಂದುಹೋದವರಲ್ಲಿಯೂ ಸೋಂಕು ಗೊತ್ತಾದುದು ರೋಗ ಬಲಿತ ಮೇಲೆ. ಈ ದೋಷವನ್ನು ಗುರುತಿಸಿದುದು, ವೈದ್ಯನು ರೋಗಿಯ ಚಹರೆ ನೋಡಿ ಶಂಕಿಸುವ ಪದ್ಧತಿಗೆ ಬದಲಾಗಿ ಎಲ್ಲರನ್ನೂ ಸಮವಾಗಿ ಕಂಡುದು ಶಿಫಾರಸುಗಳ ಹಿರಿಮೆ. ಸೋಂಕು ತಿಳಿದೊಡನೆ ಚಿಕಿತ್ಸೆ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಸೂಚಿಸಿದ ಮೇಲಂತೂ ವಿಳಂಬಕ್ಕೆ ಸಮರ್ಥನೆಯಿಲ್ಲ.

ಆದರೆ ಒಂದು ಆಕ್ಷೇಪ ಉಳಿಯುತ್ತದೆ. ‘ಮೌನಂ ಸಮ್ಮತಿಲಕ್ಷಣಂ’ ಎಂಬ ಮಾತು ಸ್ವಸ್ಥನ ಮೌನಕ್ಕೆ ಸಲ್ಲಬಹುದು. ಎದೆನೋವಿನಿಂದ ನರಳುವವನ ಮೌನಕ್ಕೆ ಸಲ್ಲುವುದೆ? ರೋಗಿಗೆ ತಿಳಿಯುವಂತೆ ಹೇಳಬೇಕೆಂದು ದಾಖಲೆ ವಿಧಿಸುತ್ತದೆ, ನಿಜ. ನೂಕುನುಗ್ಗಲಿನ ನಡುವೆ ಅದು ಅವನ ಕಿವಿಗೆ ಬಿದ್ದಿತೆ ಎಂದು ನೋಡುವ ಹೊಣೆ ಯಾರದು?

ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿಯೂ ಏಳುತ್ತದೆ. ೨೦೨೨ರ ಏಪ್ರಿಲಿನಿಂದ ಲಂಡನ್ ಮೊದಲಾದ ನಗರಗಳ ತುರ್ತು ವಿಭಾಗಗಳಲ್ಲಿ, ಬೇರೆ ಕಾರಣಕ್ಕೆ ತೆಗೆದ ರಕ್ತದಲ್ಲಿಯೇ ಈ ಪರೀಕ್ಷೆ ನಡೆಯತೊಡಗಿತು. ಅಲ್ಲಿ ಹೊಸ ರೋಗಿಗಳಷ್ಟೇ ಅಲ್ಲದೆ, ಸೋಂಕು ಹಿಂದೆಯೇ ತಿಳಿದಿದ್ದರೂ ಚಿಕಿತ್ಸೆಯಿಂದ ದೂರವಾದವರೂ ಕಂಡುಬಂದರು. ಪತ್ತೆಯಾದ ಮಾತ್ರಕ್ಕೆ ಕಾರ್ಯ ಮುಗಿಯದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಆದುದರಿಂದ ಶಿಫಾರಸುಗಳನ್ನು ನಾವು ಒಪ್ಪುತ್ತೇವೆ. ನಡೆದ ಪರೀಕ್ಷೆಗಳ ಸಂಖ್ಯೆಯಿಂದ ಅವುಗಳ ಯಶಸ್ಸನ್ನು ಅಳೆಯುವುದನ್ನು ಒಪ್ಪಲಾರೆವು. ಕಾಗದದ ಸಹಿಯನ್ನು ತೆಗೆದ ಆಸ್ಪತ್ರೆಯು, ರೋಗಿಯ ಬಳಿ ನಿಂತು ವಿಷಯ ತಿಳಿಸಿ, ಸೋಂಕು ಕಂಡರೆ ಅವನನ್ನು ಚಿಕಿತ್ಸೆಯವರೆಗೆ ತಲಪಿಸುವ ಸಿಬ್ಬಂದಿಯನ್ನು ನೇಮಿಸತಕ್ಕದ್ದು.